ಕಳ್ಳೆಕಾಯಿ ಅಧ್ಯಕ್ಷರ ಊರಿಗೆ

(ಅಟ್ಲಾಂಟಾದಿಂದ ದಕ್ಷಿಣಕ್ಕೆ, ಪ್ಲೇನ್ಸ್ ಎಂಬ ಹಳ್ಳಿಯ ದಾರಿ. ಕಾರು ಓಡಿಸುತ್ತಿರುವವನು ಸಾಫ್ಟ್‌ವೇರ್ ಅಳಿಯ. ಪಕ್ಕದಲ್ಲಿ ಮದ್ದೂರು ಕಡೆಯ ಮಾವ. ಬಾಣಂತನ ಮಾಡಲು ಬಂದವರು ಅತ್ತೆ. ಜೊತೆಗೆ ಬಂದ ಮಾವನಿಗೆ ಕೆಲಸವೇ ಇಲ್ಲ. ಅಂಥವರನ್ನು ಮನೆಯಿಂದ ಆಚೆ ಸುತ್ತಾಡಿಸುವುದೂ ಬಾಣಂತನದ ಒಂದು ಭಾಗವೇ.)

ಮಾವ: ಅಳಿಯಂದ್ರೆ, ಆ ಮನೆ ನೋಡಿ! ಅಂಗಳದಲ್ಲಿ ಚಕ್ರ ಇಲ್ದಿರೋ ಕಾರು, ತುಕ್ಕು ಇಡ್ದಿರೋ ಟ್ರ್ಯಾಕ್ಟ್ರು, ಜಗಲಿ ಮ್ಯಾಲೆ ಸೋಫಾ, ಸೋಫಾ ಮ್ಯಾಲೆ ನಾಯಿ. ಈಗ ಊರು ಅನ್ನಂಗೈತೆ.

ಅಳಿಯ: ಬೆರಳು ತೋರಿಸ್ಬೇಡಿ ಮಾವ. ಅವ್ರೆಲ್ಲ ರೆಡ್‌ನೆಕ್‌ಗಳು.

ಮಾವ: ಅಂಗಂದ್ರೆ?

ಅಳಿಯ: ದಕ್ಷಿಣದ ಹಳ್ಳಿ ಬಿಳಿಯರನ್ನ ಹಾಗೆ ಆಡ್ಕೋತಾರೆ. ಪಿಕಪ್ ಟ್ರಕ್ಕು, ಬಂದೂಕು, ಬಿಯರ್ರು, ಕಾರ್ ರೇಸು, ಇಷ್ಟೇ ಇವ್ರ ಪ್ರಪಂಚ ಅಂತ. ಜೆಫ್ ಫಾಕ್ಸ್‌ವರ್ದಿ ಅನ್ನೋನು ಇದೇ ಜೋಕು ಹೇಳಿ ಶ್ರೀಮಂತನಾದ. ‘ನಿಮ್ಮನೇಲಿ ಇಂಥಿಂಥದ್ದಿದ್ರೆ ನೀವೂ ರೆಡ್‌ನೆಕ್ ಇರಬಹುದು’ ಅನ್ನೋ ಧಾಟಿ. 1993ರ ಅವನ ಆಲ್ಬಂ ಲಕ್ಷಗಟ್ಟಲೆ ಮಾರಾಟ ಆಯ್ತು.

ಮಾವ: ಯಾವೂರೋನು?

ಅಳಿಯ: ಇದೇ ಜಾರ್ಜಿಯಾ. ಮೊದಲು ಐಬಿಎಂನಲ್ಲಿದ್ದ.

ಮಾವ: ನಿಮ್ ಥರಾನೇ ಕಂಪ್ಯೂಟ್ರು ಮುಂದೆ ಕುಂತಿದ್ದೋನು ಅನ್ನಿ. ಊರೋನೇ ಊರನ್ನ ಆಡ್ಕಂಡ್ರೆ ಅದಕ್ಕೊಂದು ನ್ಯಾಯ ಐತೆ.

ಅಳಿಯ: ಮಿಷಿಗನ್ ಕಡೆ ಶೋ ಮಾಡೋಕೆ ಹೋದಾಗ ಅಲ್ಲಿಯವರು ಇವನನ್ನ ರೆಡ್‌ನೆಕ್ ಅಂತ ರೇಗಿಸಿದ್ರಂತೆ. ಆ ಕ್ಲಬ್ಬಿಗೆ ಅಂಟಿಕೊಂಡಂತೆ ಬೌಲಿಂಗ್ ಆಡೋ ಜಾಗ. ಬರೀ ಚೆಂಡು ಉರುಳ್ಸೋಕೆ ಬಂದ ಜನ, ಅವ್ರ ಕಾರು ನಿಲ್ಸೋಕೆ ಆಳು! ಅದನ್ನ ನೋಡಿ ಇವನಿಗೆ ಜೋಕು ಹೊಳೀತಂತೆ.

ಮಾವ: ಆಡ್ಕಳೋರೇ ಎಡವಿ ಬಿದ್ರು. ನಾನೂ ಒಂದು ಏಳ್ಲಾ? ನಿಮ್ಮಪ್ಪನ ಮನೆ ಇತ್ಲಲ್ಲಿ ಟೈರಿಲ್ದಿರೋ ಅಂಬಾಸಡರ್ ನಿಂತ್ಕಂಡು, ಅದರ ಡಿಕ್ಕೀಲಿ ಕೋಳಿ ಮೊಟ್ಟೆ ಇಡ್ತಿದ್ರೆ...

ಅಳಿಯ: ಅದು ಹಳೇ ಕಾಲ ಮಾವ.

ಮಾವ: ವಾರದ ಕೆಳಗೆ ವಿಡಿಯೋ ಕಾಲಲ್ಲಿ ನಿಮ್ಮವ್ವ ಅದ್ರೊಳಗಿಂದ್ಲೇ ಮೊಟ್ಟೆ ತಕ್ಕಂಡು ತೋರಿಸ್ಲಿಲ್ವಾ?

(ಅಳಿಯ ರೇಡಿಯೋ ಹಾಕುತ್ತಾನೆ. ಬ್ಯಾಂಜೋ. ಆರಿಸುತ್ತಾನೆ.)

ಅಳಿಯ: ಟೀವೀಲೂ ಇದೇ ಆಗಿತ್ತು. ಜಮೀನಲ್ಲಿ ಎಣ್ಣೆ ಸಿಕ್ಕಿ, ಗುಡ್ಡದ ಹಳ್ಳಿಯವ್ರು ಸಂಸಾರ ಸಮೇತ ಬೆವರ್ಲಿ ಹಿಲ್ಸ್‌ನ ಬಂಗಲೆ ಸೇರ್ಕೊಳ್ಳೋ ಧಾರಾವಾಹಿ 1962ರಲ್ಲಿ ಶುರುವಾಯ್ತು. ಜನ ಮುಗಿಬಿದ್ದು ನೋಡಿದ್ರು. ಆದ್ರೂ 1971ರಲ್ಲಿ ಸಿಬಿಎಸ್ ಚಾನೆಲ್ಲು ಹಳ್ಳಿ ಕಾರ್ಯಕ್ರಮಗಳನ್ನೆಲ್ಲ ಒಟ್ಟಿಗೆ ಕಿತ್ತುಹಾಕ್ತು.

ಮಾವ: ನೋಡೋರಿದ್ರೂ ಯಾಕೆ?

ಅಳಿಯ: ಜಾಹೀರಾತಿನವ್ರಿಗೆ ಪೇಟೆ ಹುಡುಗರು ಬೇಕಿತ್ತು.

ಮಾವ: ಅಂಗಾರೆ ನಗಾಕೆ ಅಳ್ಳಿಯೋರು ಬೇಕು, ಸೋಪು ಮಾರಾಕೆ ಬ್ಯಾಡ!

ಅಳಿಯ: ಈ ಪ್ಲೇನ್ಸ್ ಇದೆಯಲ್ಲ, ಕಡ್ಲೆಕಾಯಿ ಬೆಳೀತಿದ್ದ ಜಿಮ್ಮಿ ಕಾರ್ಟರ್ ಊರು. 1977ರಲ್ಲಿ ಅವರು ಅಧ್ಯಕ್ಷರಾದ್ರು. ತಮ್ಮ ಬಿಲ್ಲಿ ಇಲ್ಲೇ ಪೆಟ್ರೋಲ್ ಬಂಕ್ ನಡೆಸ್ಕೊಂಡು, ಅದೇ ವರ್ಷ ತನ್ನ ಹೆಸರಲ್ಲೇ ‘ಬಿಲ್ಲಿ ಬಿಯರ್’ ಬಿಡಿಸಿದ.

ಮಾವ: ಅಣ್ಣ ವಿಧಾನಸೌಧದಲ್ಲಿ, ತಮ್ಮ ಬಾರಲ್ಲಿ. ನಮ್ಕಡೆ ಇಲ್ವಾ? ಏಯ್, ನಿಲ್ಸಿ ನಿಲ್ಸಿ! ಆ ಹಂಡೇಲಿ ಹೊಗೆ ಬತ್ತಾವ್ದೆ!

(ರಸ್ತೆ ಬದಿಯ ಗೂಡಂಗಡಿ. ಬೇಯಿಸಿದ ಕಡ್ಲೆಕಾಯಿ. ಮಾವ ಇಳಿದೇ ಬಿಟ್ಟರು. ಮೇಲುಡುಪಿನ ಜೇಬಿಗೆ ಒಂದು ಕೈ ತುರುಕಿಕೊಂಡ ಮುದುಕನೊಬ್ಬ ಸೌಟಿನಲ್ಲಿ ಮೊಗೆದು ರುಚಿ ನೋಡಲು ಕೊಡುತ್ತಾನೆ. ಇಬ್ಬರ ನಡುವೆ ಬಹಳ ಹೊತ್ತು ಮಾತುಕತೆ. ಅವನದು ಅವನ ಇಂಗ್ಲಿಷು, ಇವರದು ಇವರ ಮದ್ದೂರು. ಅಳಿಯ ಗಾಜು ಇಳಿಸದೆ ಕಾಯುತ್ತಾನೆ. ಮಾವ ಚೀಲ ಹಿಡಿದು ಬರುತ್ತಾರೆ.)

ಮಾವ: ಉಪ್ಪು ಸರ್ಯಾಗಿ ಇಡ್ಸವ್ನೆ. ತಗಳಿ. ಸಿಪ್ಪೆ ಕಾರಲ್ಲಿ ಉಗೀಬೇಡಿ.

ಅಳಿಯ: ಅಷ್ಟೊತ್ತು ಏನು ಮಾತಾಡಿದ್ರಿ? ಅವ್ರ ಇಂಗ್ಲಿಷ್ ನಂಗೇ ಅರ್ಥ ಆಗಲ್ಲ.

ಮಾವ: ಮಳೆ ಇಲ್ವಂತೆ. ಸಾಲ ಜಾಸ್ತಿಯಂತೆ. ಅಟ್ಲಾಂಟಾದಲ್ಲಿರೋ ಅಳಿಯಂಗೆ ಊರ್ ಕಡೆ ಬರಾಕೆ ನಾಚ್ಕೆಯಂತೆ.

ಅಳಿಯ: ಇಷ್ಟೆಲ್ಲ ನಿಮ್ಗೆ ಹೇಗೆ ಗೊತ್ತಾಯ್ತು?

ಮಾವ: ಮೊದ್ಲು ಆಕಾಸ ತೋರಿಸ್ದ. ಆಮ್ಯಾಲೆ ಜೇಬು ಒದರಿ ತೋರಿಸ್ದ. ಕೊನೇಗೆ ನಿಮ್ಮನ್ನ ತೋರಿಸ್ಕಂಡು ನಕ್ಕ.