ಅಮೆರಿಕದ ರಾಜ್ಯಗಳ ಮೇಲೆ ನಾಲ್ಕು ತಾಲ್ಲೂಕುಗಳ ಪ್ರಭಾವ: ಒಂದು ಕಾಕತಾಳೀಯ ಸಂಶೋಧನೆ

ಕೊಲಂಬಸ್ ಇಂಡಿಯಾ ಹುಡುಕುತ್ತ ಹೊರಟು, ದಾರಿ ತಪ್ಪಿ 1492ರಲ್ಲಿ ಅಮೆರಿಕ ಸೇರಿದ ಎಂಬುದು ಸರ್ವವಿದಿತ. ಇಂಡಿಯಾದಲ್ಲಿ ಅವನು ಹುಡುಕುತ್ತಿದ್ದದ್ದು ಯಾವ ಊರನ್ನು ಎಂದು ಮಾತ್ರ ವಿದ್ವತ್ ಲೋಕ ಇದುವರೆಗೆ ವಿಚಾರಿಸಿಲ್ಲ. ಪ್ರಸ್ತುತ ಪ್ರಬಂಧಕಾರನ ಮತದಲ್ಲಿ ಅದು ಚನ್ನಗಿರಿ. ಆ ಊರಿಗೆ ಹೆಸರು ಕೊಟ್ಟರೆನ್ನಲಾದ ಕೆಳದಿಯ ರಾಣಿ ಚೆನ್ನಮ್ಮಾಜಿ ಪಟ್ಟಕ್ಕೆ ಬಂದದ್ದೇ 1670ರ ದಶಕದಲ್ಲಿ. ಅಂದಮೇಲೆ ಕೊಲಂಬಸ್ಸನ ಕಾಲಕ್ಕೆ ಊರಿಗೆ ಆ ಹೆಸರೇ ಇರಲಿಲ್ಲ. ಹೆಸರಿಲ್ಲದ ಊರಿನ ದಾರಿಯನ್ನು ಯಾರನ್ನು ಏನೆಂದು ಕೇಳುವುದು? ತಪ್ಪಿದ್ದು ಸಹಜ.

ಈ ಪ್ರಬಂಧ ಆದ್ಯಂತ ಕಾಕತಾಳೀಯ ನ್ಯಾಯವನ್ನು ಅನುಸರಿಸಿದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧವಿಲ್ಲವೆಂದು ಸಾಮಾನ್ಯರು ತಿಳಿದಿದ್ದಾರೆ. ಸಂಬಂಧವಿಲ್ಲವಾದರೆ ಪಿಎಚ್‌.ಡಿ.ಗಳ ಗತಿಯೇನು?

ಮೊದಲು ಅರ್ಹತೆಯ ಪ್ರಶ್ನೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ನಾಲ್ಕನ್ನೂ ಕೂಡಿಸಿದರೆ ಸುಮಾರು 3,000 ಚದರ ಕಿಲೋಮೀಟರ್ ಆಗುತ್ತದೆ. ರೋಡ್ ಐಲೆಂಡ್ ರಾಜ್ಯದ ಒಣ ನೆಲ 2,700ಕ್ಕೂ ಕಡಿಮೆ. ಅಷ್ಟು ಜಾಗಕ್ಕೆ ಒಬ್ಬ ಗವರ್ನರ್, ಇಬ್ಬರು ಸೆನೆಟರ್‌ಗಳು. ನಮ್ಮಲ್ಲಿ ಅದಕ್ಕಿಂತ ಹೆಚ್ಚಿನ ಜಾಗವನ್ನು ನಾಲ್ವರು ತಹಸೀಲ್ದಾರರು ಸದ್ದಿಲ್ಲದೆ ನಿಭಾಯಿಸುತ್ತಿದ್ದಾರೆ. ಜಗಳೂರಿನಿಂದ ನ್ಯಾಮತಿಗೆ ಹೋಗಬೇಕಾದರೆ ನಡುವೆ ದಾವಣಗೆರೆ ಸೀಮೆ ದಾಟಬೇಕಲ್ಲ ಎಂದು ಆಕ್ಷೇಪಿಸುವವರು ಅಲಾಸ್ಕಾ ಮತ್ತು ಉಳಿದ ಅಮೆರಿಕದ ನಡುವೆ ಇಡೀ ಕೆನಡಾ ಇರುವುದನ್ನು ನೆನೆಯಬೇಕು.

ಇನ್ನು ಪ್ರಮಾಣಗಳು. 1859ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವ್ಯಾಪಾರದಲ್ಲಿ ದಿವಾಳಿಯಾದ ನಾರ್ಟನ್ ಎಂಬಾತ ತನ್ನನ್ನು ತಾನೇ ಅಮೆರಿಕದ ಚಕ್ರವರ್ತಿ ಎಂದು ಘೋಷಿಸಿಕೊಂಡ. ಊರಿನವರೂ ಮರುಮಾತಾಡದೆ ಸಲಾಮು ಹೊಡೆದರು. ಅಮೆರಿಕದವರು ಇದನ್ನೇ ದೊಡ್ಡ ವಿಚಿತ್ರವೆಂದು ಇಂದಿಗೂ ಹೇಳಿಕೊಳ್ಳುತ್ತಾರೆ. ಅದಕ್ಕೂ 60 ವರ್ಷ ಮೊದಲು ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್ ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡಿದ್ದ. ಇಹವೂ ನನ್ನದೇ, ಪರವೂ ನನ್ನದೇ. ನಾರ್ಟನ್‌ಗೆ ಒಂದು ದೇಶ ಸಾಕಾಯಿತು. ಹೆಚ್ಚೆಂದರೆ ಮೆಕ್ಸಿಕೋದ ರಕ್ಷಕ ಎಂಬ ಬಾಲ. ಇಲ್ಲಿ ಮೂಲ ಯಾವುದು, ನಕಲು ಯಾವುದು ಎಂಬುದನ್ನು ವಿವರಿಸಬೇಕಿಲ್ಲ.

ಧೋಂಡಿಯಾನ ಚರಿತ್ರೆಯನ್ನು ಇನ್ನಷ್ಟು ಕೆದಕಬೇಕು, ಏಕೆಂದರೆ ವರ್ಜೀನಿಯಾ ಇದರೊಳಗೇ ಇದೆ. 1781ರಲ್ಲಿ ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್ ಅಲ್ಲಿ ಹೋದ ಮಾನವನ್ನು ವಸೂಲು ಮಾಡಲು ಶ್ರೀರಂಗಪಟ್ಟಣಕ್ಕೆ ಬಂದ. ಆ ಗದ್ದಲದಲ್ಲೇ ಧೋಂಡಿಯಾ ಟಿಪ್ಪುವಿನ ಸೈನ್ಯ ಬಿಟ್ಟು, ಸಿಕ್ಕಷ್ಟು ಬಾಚಿಕೊಂಡು ಧಾರವಾಡದ ಕಡೆ ನಡೆದ. ಮುಂದೆ ಟಿಪ್ಪು ಅವನನ್ನು ಹಿಡಿದು ಸೆರೆಗೆ ಹಾಕಿದ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಉಳಿದ ಕೈದಿಗಳ ಜೊತೆ ಇವನನ್ನೂ ಬಿಟ್ಟರು. ಬಿಟ್ಟ ತಪ್ಪು ಇಂಗ್ಲಿಷರಿಗೆ ಅರಿವಾಗಲು ತಡವಾಗಲಿಲ್ಲ. ಅವನ ಬೆನ್ನು ಹತ್ತಿದವನು ಆರ್ಥರ್ ವೆಲ್ಲೆಸ್ಲಿ. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಹತನಾದ. ಆ ಹೊತ್ತಿಗೆ ಉಭಯಲೋಕಗಳಲ್ಲಿ ಒಂದರ ಆಡಳಿತ ಕೈತಪ್ಪಿತು ಎಂದಷ್ಟೇ ಹೇಳಬಹುದು. ಸಾಮಾನು ಸರಂಜಾಮಿನ ನಡುವೆ ಸಿಕ್ಕ ಅವನ ಪುಟ್ಟ ಮಗ ಸಲಾಬತ್ ಖಾನನ ಪಾಲನೆಗೆ ವೆಲ್ಲೆಸ್ಲಿ ತನ್ನ ಕೈಯಿಂದ ಹಣ ಒದಗಿಸಿದ. ಪರಿಹಾಸ್ಯಕ್ಕೆ ಒಗ್ಗದ ಈ ಸಂಗತಿಯನ್ನು ಬಿಟ್ಟುಬಿಡಲು ಪ್ರಬಂಧಕಾರನಿಗೆ ಮನಸ್ಸಾಗಲಿಲ್ಲ.

ಇದೇ ವೆಲ್ಲೆಸ್ಲಿ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ಅದೇ ವರ್ಷ ಅವನ ಹೆಂಡತಿಯ ತಮ್ಮ ಪೇಕನ್‌ಹ್ಯಾಮ್ ಲೂಸಿಯಾನಾದ ನ್ಯೂ ಆರ್ಲಿಯನ್ಸ್ ಕದನದಲ್ಲಿ ಸತ್ತ. ಭಾವನಿಗೆ ಚನ್ನಗಿರಿಯವನ ಮೇಲೆ ಅಭ್ಯಾಸವಾಗಿತ್ತು, ಭಾವಮೈದುನನಿಗೆ ಆಗಿರಲಿಲ್ಲ. ಲೂಸಿಯಾನಾ ಅಮೆರಿಕಕ್ಕೆ ಉಳಿದದ್ದು ಹೀಗೆ.

ಧೋಂಡಿಯಾನನ್ನು ಬೆನ್ನಟ್ಟಿದ ವೆಲ್ಲೆಸ್ಲಿಯ ದಂಡಿಗೆ ದವಸ ಒದಗಿಸಿದವರು ಹೇರೆತ್ತುಗಳ ಲಂಬಾಣಿಗಳು. ಅವರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದರೆಂದು ಸಮುದಾಯ ನಂಬುವ ಸೂರಗೊಂಡನಕೊಪ್ಪ ಇಂದು ನ್ಯಾಮತಿ ತಾಲ್ಲೂಕಿನಲ್ಲಿದೆ. 1840ರ ದಶಕದಲ್ಲಿ ಎತ್ತು ಕಟ್ಟಿಕೊಂಡು ಆರೆಗಾನ್‌ಗೆ ಹೊರಟವರ ಮೇಲೆ ಅಮೆರಿಕದಲ್ಲಿ ಸಿನಿಮಾಗಳಿಗೆ ಲೆಕ್ಕವಿಲ್ಲ. ಅಷ್ಟು ಹೊತ್ತಿಗೆ ನಮ್ಮವರು ಉಪ್ಪು, ಧಾನ್ಯ ಹೇರಿಕೊಂಡು ದಖನ್ನನ್ನು ಎಷ್ಟು ಸಲ ಸುತ್ತಿದ್ದರೋ!

1664ನೇ ಇಸವಿ ಈ ಸಿದ್ಧಾಂತಕ್ಕೆ ಕಂಬದಂತಿದೆ. ಆ ಜನವರಿಯಲ್ಲಿ ಶಿವಾಜಿಯ ತಂದೆ ಷಹಾಜಿ ಚನ್ನಗಿರಿ ಸೀಮೆಯ ಹೊದಿಗೆರೆಯ ಬಳಿ ಬೇಟೆಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ. ಅಲ್ಲೇ ಅವನ ಸಮಾಧಿ ಇದೆ. ಆ ಸೆಪ್ಟೆಂಬರಿನಲ್ಲಿ ಡಚ್ಚರ ನ್ಯೂ ಆಮ್‌ಸ್ಟರ್‌ಡಾಮ್ ಇಂಗ್ಲಿಷರ ಕೈಸೇರಿ ನ್ಯೂಯಾರ್ಕ್ ಆಯಿತು. ಎಂಟು ತಿಂಗಳು ಎಂದರೆ ಹೊದಿಗೆರೆಯ ಸುದ್ದಿ ಹಡಗೇರಿ ಅಷ್ಟು ದೂರ ಮುಟ್ಟಲು ಬೇಕಾದಷ್ಟೇ ಕಾಲ. ಇಷ್ಟಾದರೂ ಒಳ್ಳೆಯ ಕ್ವಿಜ್ ಹುಡುಗರನ್ನು ಕೇಳಿ ನೋಡಿ: ನ್ಯೂಯಾರ್ಕಿನ ಹಳೆಯ ಹೆಸರು ಗಂಟೆ ಒತ್ತುವ ಮೊದಲೇ ಬರುತ್ತದೆ, ಹೊದಿಗೆರೆ ಬರುವುದಿಲ್ಲ.

ಕೆರೆಯ ವಿಷಯಕ್ಕೆ ಬಂದರೆ, ಮಿನ್ನೆಸೋಟಾದವರು ತಮ್ಮಲ್ಲಿ 10,000 ಸರೋವರಗಳಿವೆ ಎಂದು ವಾಹನಗಳ ನಂಬರ್ ಪ್ಲೇಟಿನ ಮೇಲೆ ಬರೆಸಿಕೊಳ್ಳುತ್ತಾರೆ. ಹತ್ತು ಸಾವಿರ ಬೇಕಾಗುವುದು ಚನ್ನಗಿರಿಯ ಸೂಳೆಕೆರೆ ಇಲ್ಲದವರಿಗೆ. ಎರಡು ಗುಡ್ಡಗಳ ನಡುವೆ ಸಾವಿರ ಅಡಿಗೂ ಕಡಿಮೆ ಉದ್ದದ ಏರಿ ಹಾಕಿ, ಸುತ್ತಳತೆ ಸುಮಾರು 40 ಮೈಲಿ ಎಂದು ರೈಸ್ ಸಾಹೇಬರ ಗೆಜೆಟಿಯರ್ ಹೇಳುವಷ್ಟು ನೀರು ನಿಲ್ಲಿಸಿದವರು ಎಂಜಿನಿಯರಿಂಗ್ ಕಾಲೇಜು ಕಂಡವರಲ್ಲ. ರಾಜಕುಮಾರಿ ಶಾಂತವ್ವೆ ಕೆರೆ ಕಟ್ಟಿಸಲು ಹೊರಟಾಗ ನೆಲ ವೇಶ್ಯೆಯರದ್ದಾಗಿತ್ತಂತೆ. ಕೆರೆಗೆ ತಮ್ಮ ಹೆಸರೇ ಇರಬೇಕೆಂಬ ಕರಾರಿನ ಮೇಲೆ ಅವರು ಬಿಟ್ಟುಕೊಟ್ಟರಂತೆ. ಸರ್ಕಾರದ ಬೋರ್ಡು ಶಾಂತಿಸಾಗರ ಎನ್ನುತ್ತದೆ, ಜನ ಕರಾರನ್ನು ಮುರಿದಿಲ್ಲ. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂಬ ಮಾತೂ ಇದೆ. ರೈಸ್ ಸಾಹೇಬರು ಆಂಧ್ರದ ಕಂಬಂ ಕೆರೆಯ ನಂತರ ಎಂದು ದಕ್ಷಿಣ ಭಾರತಕ್ಕಷ್ಟೇ ಸೀಮಿತಗೊಳಿಸಿದ್ದರು. ಏಷ್ಯಾಕ್ಕೆ ಬಡ್ತಿ ಕೊಟ್ಟದ್ದು ನಾವು. ಒಂದನೆಯದು ಎಂದರೆ ಸಾಕ್ಷಿ ಕೇಳುತ್ತಾರೆ, ಎರಡನೆಯದು ಎಂದರೆ ಯಾರೂ ತಕರಾರು ಮಾಡುವುದಿಲ್ಲ.

ಚಿನ್ನದ ಕಥೆ ಚಿಕ್ಕದು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ಜನ ಹುಚ್ಚೆದ್ದು ಓಡಿದರು. ಹೊನ್ನಾಳಿ ಸೀಮೆಯ ಕುದುರೆಕೊಂಡ, ಪಲವನಹಳ್ಳಿಗಳ ನೆಲದಲ್ಲೂ ಚಿನ್ನವಿದೆ; 19ನೇ ಶತಮಾನದ ಕೊನೆಗೆ ಅಗೆತವೂ ನಡೆಯಿತು. ನಮ್ಮವರು ಓಡಲಿಲ್ಲ. ಪಕ್ಕದ ಚನ್ನಗಿರಿಯಲ್ಲಿ ಚಿನ್ನ ಮರದ ಮೇಲೆ ಗೊನೆಗೊನೆಯಾಗಿ ಬಿಡುತ್ತದೆ. ಅಲ್ಲಿ ಬೆಳಗೆದ್ದು ನೋಡುವುದು ರಾಶಿ ಅಡಿಕೆಯ ದರವನ್ನು.

ಪ್ರತ್ಯೇಕತಾ ಪ್ರಕರಣ ಸ್ವಲ್ಪ ಗಂಭೀರ. ವರ್ಜೀನಿಯಾದಿಂದ ವೆಸ್ಟ್ ವರ್ಜೀನಿಯಾ ಬೇರೆಯಾಗಲು 1863ರಲ್ಲಿ ಒಂದು ಅಂತರ್ಯುದ್ಧವೇ ಬೇಕಾಯಿತು. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಗಲು ಬೇಕಾದದ್ದು ಮನವಿಪತ್ರಗಳು ಮತ್ತು ಒಂದು ಬಜೆಟ್. ಓಹಿಯೋ, ಮಿಷಿಗನ್‌ಗಳು 1835ರಲ್ಲಿ ಟೊಲೆಡೊ ಎಂಬ ಊರಿನ ಪಟ್ಟಿಗಾಗಿ ಸೈನ್ಯ ಜಮಾಯಿಸಿದವು. ನೆತ್ತರು ಬಂದದ್ದು ಒಬ್ಬನಿಗೆ, ಅದೂ ಚಾಕುವಿನಿಂದ. ಚುಚ್ಚಿದವನ ಹೆಸರು ‘ಟೂ’, ಅವನ ಅಣ್ಣನ ಹೆಸರು ‘ಒನ್’. ದೊಡ್ಡಪ್ಪ, ಸಣ್ಣಪ್ಪ ಎಂದು ಮಕ್ಕಳಿಗೆ ಹೆಸರಿಡುವ ನಮ್ಮ ಪದ್ಧತಿ ಹೇಗೋ ಅಲ್ಲಿ ಮುಟ್ಟಿದೆ. ಬದುವಿನ ಜಗಳಕ್ಕೆ ಇದಕ್ಕಿಂತ ಹೆಚ್ಚಿನ ಶೌರ್ಯವನ್ನು ಹೊನ್ನಾಳಿ ಹೋಬಳಿಗಳು ಪ್ರತಿ ಮುಂಗಾರಿನಲ್ಲೂ ತೋರುತ್ತವೆ, ಇತಿಹಾಸಕಾರರನ್ನು ಕರೆಯುವುದಿಲ್ಲ ಅಷ್ಟೇ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆ ಸೇರಿ, ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಆಗ ಅವರು ಶಿವಮೊಗ್ಗದವರು. ಮುಖ್ಯಮಂತ್ರಿಯಾಗಿ 1997ರಲ್ಲಿ ಏಳು ಜಿಲ್ಲೆಗಳನ್ನು ಹುಟ್ಟಿಸಿದರು. ಕೂತಲ್ಲಿಂದ ಏಳದೆ ದಾವಣಗೆರೆಯವರಾದರು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಬಿಟ್ಟವು, ಜಗಳೂರು ಚಿತ್ರದುರ್ಗ ಬಿಟ್ಟಿತು. ಬಳ್ಳಾರಿಯಿಂದ ಬಂದ ಹರಪನಹಳ್ಳಿ ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ 2018ರಲ್ಲಿ ಬಳ್ಳಾರಿಗೇ ಮರಳಿ, ಬಳಿಕ ವಿಜಯನಗರಕ್ಕೆ ಸೇರಿತು. ಇಷ್ಟು ಸಂಚಾರ ಮಾಡಿದ ಅಮೆರಿಕದ ರಾಜ್ಯ ಒಂದಾದರೂ ಇದ್ದರೆ ತೋರಿಸಿ. ಓಹಿಯೋದ ಪಾಡು ಬೇರೆ: 1803ರಲ್ಲಿ ರಾಜ್ಯವೆನಿಸಿಕೊಂಡರೂ ಸೇರ್ಪಡೆಯ ವಿಧ್ಯುಕ್ತ ನಿರ್ಣಯ ಮಾಡಲು ಕಾಂಗ್ರೆಸ್ ಮರೆತಿತ್ತು. 1953ರಲ್ಲಿ ನೆನಪಾಗಿ, ಹಿಂದಿನ ತಾರೀಖು ಹಾಕಿ ಸರಿಪಡಿಸಿದರು. 150 ವರ್ಷ ಖಾತೆ ಬದಲಾವಣೆ ಬಾಕಿ! ತಾಲ್ಲೂಕು ಕಚೇರಿಯ ಪ್ರಭಾವಕ್ಕೆ ಇದಕ್ಕಿಂತ ಪ್ರಬಲ ಪುರಾವೆ ಬೇಡ.

ಉಳಿದದ್ದು ಜಗಳೂರು. ವಯೋಮಿಂಗ್ ರಾಜ್ಯದ ಡಗ್ಲಸ್ ಎಂಬ ಊರಿನವರು ಮೊಲದ ತಲೆಗೆ ಕೊಂಬು ಅಂಟಿಸಿ ಜಾಕಲೋಪ್ ಎಂದು ಹೆಸರಿಟ್ಟು, ಜೂನ್ 31ರಂದು ಮಾತ್ರ ಬೇಟೆಯಾಡಬಹುದೆಂದು ಪರವಾನಗಿ ಕೊಡುತ್ತಾರೆ. ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ಅಂಟು ಬಳಿಯದ ನಾಲ್ಕು ಕೊಂಬುಗಳ ಕೊಂಡುಕುರಿ ಓಡಾಡುತ್ತದೆ; ಅದಕ್ಕಾಗಿ 2011ರಲ್ಲಿ ವನ್ಯಧಾಮವೇ ಆಯಿತು. ನಾಲ್ಕು ತಾಲ್ಲೂಕು, ನಾಲ್ಕು ಕೊಂಬು. ಎದುರಿನ ಎರಡು ಮೋಟಾಗಿವೆ ಎಂಬುದು ನಿಜ. ಅವು ಯಾವ ತಾಲ್ಲೂಕುಗಳು ಎಂಬ ಬಗ್ಗೆ ಈ ಪ್ರಬಂಧ ಮಂಡಿಸಿದ ಸಭೆಯಲ್ಲಿ ಬಿರುಸಿನ ಚರ್ಚೆ ನಡೆಯಿತು.

ಪ್ರಬಂಧ ಮಂಡನೆಯ ಕೊನೆಗೆ ಜಗಳೂರಿನ ಹಿರಿಯರೊಬ್ಬರು ಎದ್ದರು. ಲಾಸ್ ಏಂಜಲೀಸಿನವರು 1913ರಲ್ಲಿ ಕಾಲುವೆ ತೋಡಿ ಓವೆನ್ಸ್ ಸರೋವರವನ್ನು ಒಣಗಿಸಿಬಿಟ್ಟರು, ನಾವಾದರೋ 57 ಕೆರೆ ತುಂಬಿಸುವ ಯೋಜನೆ ಮಾಡಿದ್ದೇವೆ ಎಂದು ಪ್ರಬಂಧಕಾರ ಆಗಷ್ಟೇ ಹೇಳಿ ಮುಗಿಸಿದ್ದ.

“ಅಮೆರಿಕದ್ದೆಲ್ಲಾ ಗೊತ್ತಾತು ಬಿಡ್ರಿ ಸಾರ್. ನಮ್ಮೂರ ಕೆರೆಗೆ ನೀರು ಯಾವಾಗ ಬರ್ತತಿ?”

ಈ ಪ್ರಶ್ನೆ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.