ಮುಚ್ಚಿದ ಬಾಗಿಲಿನ ಮೀಮಾಂಸೆ

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ತಾವಲ್ಲದ ವೀರರ ಪಾತ್ರ ವಹಿಸುವವರು ಜೀವಮಾನವಿಡೀ ಒಂದೇ ಆಟಕ್ಕೆ ನಿಷ್ಠರಾಗಿರಬೇಕೋ, ಹಲವನ್ನು ಆಡಿನೋಡಬೇಕೋ ಎಂಬ ವಿವಾದ ಇನ್ನೂ ಇತ್ಯರ್ಥವಾಗಿಲ್ಲ. ಈ ಪ್ರಬಂಧದಿಂದ ಅದು ಇತ್ಯರ್ಥವಾಗುತ್ತದೆ. ಪರೀಕ್ಷೆಗೆ ಆಯ್ದ ವಸ್ತು: ಮುಚ್ಚಿದ ಬಾಗಿಲು.

ಪೂರ್ವಪಕ್ಷ. ಏಕಾಟವಾದಿಗಳ ಮೂಲಗ್ರಂಥ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರ ಮೊದಲ ಆವೃತ್ತಿಯಲ್ಲಿ ನೆಲಮಾಳಿಗೆಯ ಬಾಗಿಲು ಹಿಡಿ ತಿರುಗಿಸಿದರೆ ಸಾಮಾನ್ಯವಾಗಿ ತೆರೆಯದು. ಬಲ ಹಾಕಿ ನೂಕಬೇಕು, ಆರು ಮುಖದ ದಾಳದಲ್ಲಿ ಒಂದೋ ಎರಡೋ ಬೀಳಬೇಕು. ಅದೇ ಬಾಗಿಲು ರಾಕ್ಷಸರಿಗೆ ಮಾತ್ರ ತಾನಾಗಿ ತೆರೆದುಕೊಳ್ಳುತ್ತದೆ! ಈ ಪಕ್ಷಪಾತಕ್ಕೆ ಕಾರಣ ಕೇಳಿದರೆ ಏಕಾಟವಾದಿ, "ಬಾಗಿಲು ಅಂದ್ರೆ ಹಾಗೇ ಅಲ್ವೇನ್ರೀ?" ಎನ್ನುತ್ತಾನೆ. ರೋಗಲಕ್ಷಣ ಇದೇ. ನಿಯಮವನ್ನು ಯಾರೋ ಕೂತು ಬರೆದರೆಂಬುದು ಅವನಿಗೆ ಮರೆತೇಹೋಗಿದೆ.

ಉತ್ತರಪಕ್ಷ. ಸ್ಯಾಂಡಿ ಪೀಟರ್ಸನ್ ಅವರ 'ಕಾಲ್ ಆಫ್ ಕ್ತುಲ್ಹು' (1981) ಆಟದಲ್ಲಿ ತೊಡಕಿರುವುದು ಬಾಗಿಲು ತೆರೆದ ಮೇಲೆ. ಒಳಗಿನದು ಕಣ್ಣಿಗೆ ಬಿದ್ದರೆ ಬುದ್ಧಿಸ್ಥಿಮಿತದ ಅಂಕಗಳೇ ಕರಗುತ್ತವೆ. ನೂರರ ಲೆಕ್ಕದ ದಾಳದಲ್ಲಿ ಇಲ್ಲಿ ಕಡಿಮೆ ಬಿದ್ದಷ್ಟೂ ಕ್ಷೇಮ. 'ಡಂಜನ್ಸ್'ನ ಕಾಳಗಗಳಲ್ಲಿ ಇಪ್ಪತ್ತು ಮುಖದ ದಾಳದಲ್ಲಿ ದೊಡ್ಡ ಸಂಖ್ಯೆ ಕಂಡು ಕುಣಿದು ರೂಢಿಯಾದವನು 97 ಬಿದ್ದೊಡನೆ ಎದ್ದು ಕುಣಿಯುತ್ತಾನೆ. ಉಳಿದವರು ಅವನನ್ನು ಕರುಣೆಯಿಂದ ನೋಡುತ್ತಾರೆ. ನಿನ್ನೆಯವರೆಗೆ ಬಾಗಿಲು ಕಂಡರೆ ಕತ್ತಿ ಹಿರಿಯುತ್ತಿದ್ದ ವೀರ ಇಂದು ಮೊದಲು ಲೈಬ್ರರಿಗೆ ಹೋಗುತ್ತಾನೆ. ಗ್ರಂಥಾಲಯ ಇಲಾಖೆಯಿಂದಲೂ ಆಗದ ಪವಾಡವಿದು.

'ಡ್ರೆಡ್' ಎಂಬ ಭಯಾನಕ ಆಟಕ್ಕೆ ದಾಳವೇ ಇಲ್ಲ. ನಡುಮೇಜಿನಲ್ಲಿ ಮರದ ತುಂಡುಗಳನ್ನು ಪೇರಿಸಿದ ಜೆಂಗಾ ಗೋಪುರ. ಬಾಗಿಲು ತೆರೆಯಬೇಕೆ? ಒಂದು ಕಟ್ಟಿಗೆ ತುಂಡು ಎಳೆದು ಮೇಲಿಡು. ಗೋಪುರ ಬಿತ್ತೋ, ನಿನ್ನ ಪಾತ್ರದ ಕಥೆ ಮುಗಿಯಿತು. ಆಗ ನೋಡಬೇಕು: ಆಟಗಾರ ಬೆರಳ ತುದಿಯಿಂದ ತುಂಡನ್ನು ಮೆಲ್ಲಗೆ ತಟ್ಟಿ, ಸಡಿಲವಿಲ್ಲವೆಂದು ತಿಳಿದು ಇನ್ನೊಂದನ್ನು ತಟ್ಟುತ್ತಾನೆ, ಪಕ್ಕದವನು ಕಾಫಿ ಲೋಟ ಮೇಜಿಂದ ಎತ್ತಿಕೊಳ್ಳುತ್ತಾನೆ, ಫ್ಯಾನ್ ಆಫ್ ಮಾಡಿ ಎಂದು ಯಾರೋ ಪಿಸುಗುಟ್ಟುತ್ತಾರೆ. ಪಾತ್ರಕ್ಕಾಗಬೇಕಾದ ಹೆದರಿಕೆ ಆಟಗಾರನ ಕೈಗೇ ಇಳಿದಿರುತ್ತದೆ. ರಸಸಿದ್ಧಾಂತಿಗಳು ಸಾವಿರಾರು ವರ್ಷ ತಿಣುಕಿದ ಸಮಸ್ಯೆ ಮರದ ತುಂಡುಗಳಿಂದ ಬಗೆಹರಿಯಿತು.

'ಫಿಯಾಸ್ಕೊ'ದಲ್ಲಿ (2009) ಆಟ ನಡೆಸಿ ತೀರ್ಪು ಹೇಳುವ ಯಜಮಾನನೇ ಇಲ್ಲ. ಬಾಗಿಲ ಹಿಂದೇನಿದೆ ಎಂದು ಆಡುವವರೇ ಹೇಳಬೇಕು, ಅದರಿಂದ ತಾವೇ ಹಾಳಾಗಬೇಕು. 1977ರ 'ಟ್ರಾವೆಲರ್'ನ ವಿಚಾರ ಇನ್ನೂ ವಿಚಿತ್ರ. ಅದರಲ್ಲಿ ಪಾತ್ರ ತಯಾರಿಸುವಾಗಲೇ ಪಾತ್ರ ಸಾಯಬಹುದಾದ್ದರಿಂದ ಕೆಲವರು ಬಾಗಿಲ ತನಕ ಬರುವುದೇ ಇಲ್ಲ. ಈ ಪ್ರಬಂಧಕ್ಕೆ ಅವರಿಂದ ಸಾಕ್ಷ್ಯ ದೊರೆಯಲಿಲ್ಲ.

ಸಿದ್ಧಾಂತ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಆಸೆಪಡಬೇಕು ಎಂಬುದನ್ನು ನಿಯಮವೇ ಸದ್ದಿಲ್ಲದೆ ಗೊತ್ತುಮಾಡುತ್ತದೆ. ಎರಡನೆಯ ಆಟ ಆಡುವತನಕ ಆ ಕೈವಾಡ ಪತ್ತೆಯಾಗದು. ಎದುರುಪಕ್ಷದ ಒಂದೇ ಆಕ್ಷೇಪ ಗಟ್ಟಿ: ಹೊಸ ಆಟದ ನೂರಾರು ಪುಟ ಓದುವವರ್‍ಯಾರು? ವಿಧಿ ಸ್ಪಷ್ಟವಿದೆ. ಆಟ ಸೂಚಿಸಿದವನೇ ಓದತಕ್ಕದ್ದು. ಅವನು ವಿವರಿಸಲು ಶುರುಮಾಡಿದೊಡನೆ ಉಳಿದವರು ಫೋನ್ ನೋಡತಕ್ಕದ್ದು. ಈ ವಿಷಯದಲ್ಲಿ ಎರಡೂ ಪಂಥಗಳಿಗೆ ಭಿನ್ನಾಭಿಪ್ರಾಯವಿಲ್ಲ.