ಬೆನ್ನ ಹಿಂದೆ ಏನೂ ಬಾರದ ದಾರಿ

ಅಕ್ಕಾ, ಕರಿಬೇವು ಬೇಕಾದಷ್ಟು ಕಿತ್ಕೊಳ್ಳಿ. ಕೊಂಬೆ ಹೇಗೂ ನಿಮ್ಮ ಕಾಂಪೌಂಡಿಗೇ ಬಾಗಿದೆ. ಮೊನ್ನೆ ಕೇಳಿದ್ರಲ್ಲ, ಮಗಳ ಮನೆಗೆ ಅಂತ ಫ್ರಾನ್ಸಿಗೆ ಹೋದವಳು ಪ್ಯಾರಿಸ್ಸೇ ನೋಡದೆ ಬಂದ್ಯಂತೆ, ಮತ್ತೇನು ಮಾಡಿದೆ ಅಂತ. ಸೈಕಲ್ ಹೊಡೆದೆ ಅಕ್ಕಾ. ಐದು ದಿನ, ಇನ್ನೂರು ಕಿಲೋಮೀಟರಿಗೂ ಮೇಲೆ. ಆ ಐದು ದಿನದ ಸಮಾಧಾನ ಇನ್ನೂ ಮೈಯಲ್ಲಿದೆ. ನಿಂತ್ಕೊಳ್ಳಿ, ಪೂರ್ತಿ ಹೇಳ್ತೀನಿ.

ಮಗಳಿರೋದು ತುಲೂಸಿನಲ್ಲಿ. ವಿಮಾನ ಕಟ್ಟೋ ಊರು. ಬೆಂಗಳೂರಿನಿಂದ ಆ ಕೆಲಸಕ್ಕೇ ಹೋದೋರು ಅಲ್ಲಿ ಸಿಗ್ತಾರೆ. ಆ ಊರಿಂದ ಒಂದು ಕಾಲುವೆ ಹೊರಡುತ್ತೆ, ಕನಾಲ್ ದ್ಯು ಮಿದಿ ಅಂತ. 240 ಕಿಲೋಮೀಟರ್ ಹೋಗಿ, ಮೆಡಿಟರೇನಿಯನ್ ಸಮುದ್ರದ ಮಗ್ಗುಲಲ್ಲಿರೋ ಉಪ್ಪುನೀರಿನ ಸರೋವರ ಸೇರುತ್ತೆ. ಅದರ ದಡದ ಮೇಲೆ ಉದ್ದಕ್ಕೂ ಒಂದು ದಾರಿ. ಯಾರಿಗೋಸ್ಕರ ಮಾಡಿದ ದಾರಿ ಗೊತ್ತಾ? ಕುದುರೆಗೆ! ಇಂಜಿನ್ ಇಲ್ಲದ ಕಾಲ ನೋಡಿ, ದೋಣಿಗೆ ಹಗ್ಗ ಕಟ್ಟಿ, ದಡದ ಮೇಲೆ ಕುದುರೆ ನಡೆಸಿ ಎಳೆಸ್ತಿದ್ರು. ಕುದುರೆ ಹೋಯ್ತು, ಸರಕಿನ ದೋಣಿಯೂ ಹೋಯ್ತು, ದಾರಿ ಉಳೀತು. ಕಾರು, ಸ್ಕೂಟರು ಅದರ ಮೇಲೆ ಬರೋ ಹಾಗಿಲ್ಲ. ಕಾಲುವೆ ನೋಡ್ಕೊಳ್ಳೋರ ಗಾಡಿ ಬಂದ್ರೆ ಬಂತು, ಅಷ್ಟೆ.

ಮೊದಲ 50 ಕಿಲೋಮೀಟರಿಗೆ ಡಾಂಬರು ಹಾಕಿದ್ದಾರೆ. ಅದು ಸಲೀಸು, ಹೇಳೋದೇನಿಲ್ಲ. ಆಮೇಲೆ ಶುರುವಾಗೋದು ಗರಸು ಮಣ್ಣಿನ ದಾರಿ. ಮಗಳು ಅಂಥ ದಾರಿಗೇ ಅಂತ ಮಾಡಿರೋ ಗ್ರಾವೆಲ್ ಸೈಕಲ್ಲು ಬಾಡಿಗೆಗೆ ತಂದಿದ್ಲು. ಟೈರು 40 ಮಿಲಿಮೀಟರ್ ದಪ್ಪ. ಗಾಳಿ ಮಾತ್ರ ಗಟ್ಟಿಯಾಗಿ ತುಂಬಬಾರದು. ಹೆಬ್ಬೆರಳಲ್ಲಿ ಒತ್ತಿದ್ರೆ ಒಂಚೂರು ತಗ್ಗಬೇಕು. ಗಾಳಿ ಜಾಸ್ತಿಯಾದ್ರೆ ಪ್ರತಿ ಕಲ್ಲೂ ಸೈಕಲ್ಲನ್ನ ಎತ್ತಿ ಹಾಕುತ್ತೆ. ಕಮ್ಮಿ ಇದ್ರೆ ಟೈರು ಕಲ್ಲನ್ನ ತನ್ನೊಳಗೆ ತಗೊಂಡು ಮುಂದೆ ಹೋಗುತ್ತೆ. ಮೊದಲ ದಿನ ನಾನು ಹ್ಯಾಂಡಲ್ ಬಿಗಿಯಾಗಿ ಹಿಡಿದು ಹೆಗಲೆಲ್ಲ ಸೆಟೆದುಕೊಂಡಿತ್ತು. ಎರಡನೇ ದಿನ ಮಗಳು ಹೇಳಿದ ಹಾಗೆ ಮೊಣಕೈ ಸಡಿಲ ಬಿಟ್ಟೆ. ಸೈಕಲ್ಲು ತಾನೇ ದಾರಿ ಹುಡುಕ್ಕೊಂಡು ಹೋಗ್ತಿತ್ತು.

ಎರಡನೇ ದಿನವೇ ಇನ್ನೊಂದೂ ಗೊತ್ತಾಗಿದ್ದು. ನಾವು ಇಲ್ಲಿ ರಸ್ತೆಗೆ ಇಳಿದ ಕೂಡಲೇ ಕಿವಿ ಹಿಂದಕ್ಕೆ ಹೋಗುತ್ತೆ ಅಕ್ಕಾ. ಲಾರಿ ಬಂತಾ, ಆಟೋ ಬಂತಾ, ಎಷ್ಟು ಹತ್ತಿರ ಬಂತು, ಎಲ್ಲ ಬೆನ್ನಲ್ಲೇ ಲೆಕ್ಕ. ಅಭ್ಯಾಸವಾಗಿ ಹೋಗಿ ಅದೊಂದು ಕೆಲಸ ಅನ್ನೋದೇ ಮರೆತಿದ್ದೀವಿ. ಅಲ್ಲಿ ಒಂದು ದಿನ ಪೂರ್ತಿ ಹಿಂದಿನಿಂದ ಏನೂ ಬರಲಿಲ್ಲ. ಎರಡನೇ ದಿನ ಬೆಳಿಗ್ಗೆ ನನ್ನ ಕಿವಿ ಮುಂದಕ್ಕೆ ಬಂತು! ಟೈರಿನ ಕೆಳಗೆ ಕಲ್ಲು ಕರಕರ ಅನ್ನೋದು, ನೀರಿಗೆ ಕಪ್ಪೆ ಹಾರೋದು. ಎಲ್ಲೋ ಚಂದ್ರಮುಕುಟ ಹೂಪ್ ಹೂಪ್ ಹೂಪ್ ಅಂತು, ನಮ್ಮ ಪಾರ್ಕಿನ ಹುಲ್ಲಲ್ಲಿ ಕೊಕ್ಕು ಚುಚ್ಚುತ್ತಾ ಓಡಾಡುತ್ತಲ್ಲ, ಅದೇ ಹಕ್ಕಿ. ಇಷ್ಟು ವರ್ಷ ಕಣ್ಣಲ್ಲಿ ನೋಡಿದ್ದೆ, ಅದರ ಕೂಗು ಕೇಳಿಸಿಕೊಂಡಿದ್ದು ಅವತ್ತೇ ಮೊದಲು.

ಆ ದಿನವೇ ನೊರೂಜ್ ಅನ್ನೋ ಜಾಗದಲ್ಲಿ ತುಂಬ ಹೊತ್ತು ಕೂತಿದ್ವಿ. ಕಾಲುವೆಯ ನೆತ್ತಿ ಅದು, ಸಮುದ್ರ ಮಟ್ಟದಿಂದ 189 ಮೀಟರ್. ಅಲ್ಲಿಂದ ನೀರು ಒಂದು ಕಡೆ ಅಟ್ಲಾಂಟಿಕ್ ದಿಕ್ಕಿಗೆ, ಇನ್ನೊಂದು ಕಡೆ ಮೆಡಿಟರೇನಿಯನ್ ದಿಕ್ಕಿಗೆ. ದಿಣ್ಣೆ ಮೇಲಕ್ಕೆ ನೀರು ತರೋದು ಹೇಗೆ ಅಂತಲೇ ಎಷ್ಟೋ ಕಾಲ ಈ ಕಾಲುವೆ ಬರೀ ಮಾತಾಗಿತ್ತು. ಪಿಯೆರ್ ಪಾಲ್ ರಿಕೆ ಅಂತ ಒಬ್ಬರು, ಉಪ್ಪಿನ ತೆರಿಗೆ ವಸೂಲಿ ಮಾಡ್ತಿದ್ದೋರು, ಉತ್ತರಕ್ಕಿರೋ ಕಪ್ಪು ಬೆಟ್ಟದ ಹಳ್ಳಗಳ ನೀರನ್ನ ಸಣ್ಣ ಕಾಲುವೆಗಳಲ್ಲಿ ಇಲ್ಲಿಗೆ ತಿರುಗಿಸಬಹುದು ಅಂತ ಕಂಡ್ಕೊಂಡ್ರು. 1666ರಲ್ಲಿ ಹದಿನಾಲ್ಕನೇ ಲೂಯಿ ದೊರೆಯ ಅಪ್ಪಣೆ ಆಯ್ತು. ಮೇಲೆ ಸೇಂ ಫೆರಿಯೋಲ್ ಅಂತ ಮಣ್ಣಿನ ಅಣೆಕಟ್ಟೆ ಕಟ್ಟಿದ್ರು. ಅದಕ್ಕೆ ಮಣ್ಣು ಹೊತ್ತೋರಲ್ಲಿ ಹೆಂಗಸರೇ ತುಂಬ ಜನ ಅಂತೆ ಅಕ್ಕಾ, ತಲೆ ಮೇಲೆ ಬುಟ್ಟಿ ಇಟ್ಕೊಂಡು. ನೊರೂಜಿನಲ್ಲಿ ನಿಲ್ಲಿಸಿರೋ ಎತ್ತರದ ಕಲ್ಲಿನ ಕಂಬ ರಿಕೆಯವರ ನೆನಪಿಗೆ. ಬುಟ್ಟಿ ಹೊತ್ತವರ ಹೆಸರು ಎಲ್ಲೂ ಕಾಣಲಿಲ್ಲ. ಅವರ ನೀರನ್ನೇ ಕೈಯಲ್ಲಿ ಮುಟ್ಟಿ ನಮಸ್ಕಾರ ಮಾಡಿದೆ. ರಿಕೆಯವರೂ ಸುಖಪಡಲಿಲ್ಲ ಪಾಪ. ಹೆಣ್ಣುಮಕ್ಕಳ ವರದಕ್ಷಿಣೆ ಹಣವನ್ನೂ ಇದಕ್ಕೇ ಸುರಿದ್ರು ಅಂತಾರೆ. 1680ರಲ್ಲಿ ತೀರಿಕೊಂಡ್ರು, ಕಾಲುವೆಗೆ ದೋಣಿ ಇಳಿದಿದ್ದು ಮಾರನೇ ವರ್ಷ.

ದಿಣ್ಣೆ ಇಳಿಯೋ ಕಡೆಯೆಲ್ಲ ದೋಣಿಗೆ ಲಾಕ್ ಇದೆ. ಎರಡು ಬಾಗಿಲಿನ ನಡುವೆ ದೋಣಿ ನಿಲ್ಲಿಸಿ, ನೀರು ತುಂಬಿಸಿಯೋ ಇಳಿಸಿಯೋ ಮುಂದಕ್ಕೆ ಬಿಡೋದು. ಈ ಕಾಲುವೆಯ ಲಾಕುಗಳ ಗೋಡೆ ನೇರ ಇಲ್ಲ, ಮೊಟ್ಟೆ ಆಕಾರದಲ್ಲಿ ಹೊರಕ್ಕೆ ಉಬ್ಬಿದೆ. ಮೊದಮೊದಲು ನೇರ ಗೋಡೆ ಕಟ್ಟಿದ್ರಂತೆ, ಒಂದು ಕುಸಿದುಬಿತ್ತು. ಆಮೇಲೆ ಬಾಗಿಸಿ ಕಟ್ಟಿದ್ರು, ಹಿಂದಿನ ಮಣ್ಣು ಎಷ್ಟು ತಳ್ಳಿದ್ರೂ ಕಲ್ಲು ಕಲ್ಲಿಗೆ ಆತುಕೊಳ್ಳಲಿ ಅಂತ. ನಮ್ಮಜ್ಜಿ ಮನೆ ಬಾವಿ ದುಂಡಗಿದ್ದಿದ್ದೂ ಅದಕ್ಕೇ ಅಲ್ವಾ? ಲಾಕಿನ ಪಕ್ಕ ನೋಡ್ಕೊಳ್ಳೋರ ಪುಟ್ಟ ಮನೆ. ಗೋಡೆ ಮೇಲೆ ಒಂದು ಹಲಗೆ. ಈ ಲಾಕಿನ ಹೆಸರು, ಹಿಂದಿನದು ಎಷ್ಟು ಮೀಟರ್, ಮುಂದಿನದು ಎಷ್ಟು ಮೀಟರ್. ಬಿಸಿಲಲ್ಲಿ ಬಂದವಳಿಗೆ ಆ ಹಲಗೆ ಓದೋದೇ ಒಂದು ಖುಷಿ. ಅಂಥದೊಂದು ಮನೆ ಮುಂದೆಯೇ ನನ್ನ ಹಿಂದಿನ ಚಕ್ರ ಪಂಕ್ಚರ್ ಆಗಿದ್ದು. ಒಳಗಿಂದ ವಯಸ್ಸಾದ ಒಬ್ಬರು ಬಕೆಟ್ಟಲ್ಲಿ ನೀರು ತಂದಿಟ್ರು. ಟ್ಯೂಬ್ ಮುಳುಗಿಸಿ ಗುಳ್ಳೆ ಏಳೋ ಜಾಗಕ್ಕೆ ಬೆರಳಿಟ್ಟು ತೋರಿಸಿದ್ರು. ಅವರ ಮಾತು ನನಗೆ ಬರಲ್ಲ, ನನ್ನ ಮಾತು ಅವರಿಗೆ ಬರಲ್ಲ. ಹೊರಡುವಾಗ ಒಂದು ಬೊಗಸೆ ಚೆರ್ರಿ ಹಣ್ಣು ಕೊಟ್ರು.

ಕಾರ್ಕಸೊನ್ ಕೋಟೆ ದಾಟಿ ಇನ್ನೂ ಮುಂದೆ ಹೋದ್ರೆ 54 ಕಿಲೋಮೀಟರ್ ಉದ್ದಕ್ಕೆ ಒಂದೇ ಒಂದು ಲಾಕಿಲ್ಲ. ನೀರು ಒಂದೇ ಮಟ್ಟ. ನಿಮ್ಮ ತವರಿನ ಕಡೆ ಗುಡ್ಡದ ಓರೆಯಲ್ಲಿ ಬಳಸಿ ಬಳಸಿ ತೋಟಕ್ಕೆ ನೀರು ತರ್ತಾರಲ್ಲ, ಹಾಗೆ ಆ ಕಾಲುವೆ ದ್ರಾಕ್ಷಿ ತೋಟಗಳನ್ನ ಬಳಸಿಕೊಂಡು ಹೋಗುತ್ತೆ. ನೇರ ಹೋದ್ರೆ ಒಂದು ಮೈಲಿ ಇರೋ ಊರಿಗೆ ಮೂರು ತಿರುವು. ಯಾಕೆ ಅವಸರ! ದಾರಿಯೂ ಸಣ್ಣದಾಗಿ, ಒಬ್ಬರ ಹಿಂದೆ ಒಬ್ಬರು ಹೋಗೋ ಕಾಲುದಾರಿ ಆಗುತ್ತೆ. ಬೇರುಗಳು ಹಾವಿನ ಹಾಗೆ ಅಡ್ಡ ಮಲಗಿರ್ತವೆ, ನಿಧಾನಕ್ಕೆ ಹೋಗಲೇಬೇಕು. ಎದುರು ಬರೋರು ಪಕ್ಕಕ್ಕೆ ನಿಂತು ‘ಬೊಂಜೂರ್’ ಅಂತಾರೆ, ನಾವೂ ಅನ್ನಬೇಕು. ದೋಣಿಗಳೂ ಗಂಟೆಗೆ 8 ಕಿಲೋಮೀಟರ್ ದಾಟೋ ಹಾಗಿಲ್ಲ. ಒಂದು ದೋಣಿಯವರನ್ನ ಅರ್ಧ ದಿನದಲ್ಲಿ ನಾಲ್ಕು ಸಲ ಕಂಡ್ವಿ. ರೆಪ್ಯೂದ್ರ್ ಅನ್ನೋ ಹೊಳೆ ಮೇಲೆ ಕಾಲುವೆಯೇ ಸೇತುವೆ ಹತ್ತಿ ದಾಟುತ್ತೆ, 1676ರ ಕಲ್ಲಿನ ಕಟ್ಟಡ. ಕೆಳಗೆ ಹರಿಯೋ ಹೊಳೆ, ಮೇಲೆ ನಿಂತ ನೀರು, ಅದರ ಮಗ್ಗುಲಲ್ಲಿ ನನ್ನ ಸೈಕಲ್ಲು!

ಸಂಕಟವಾಗಿದ್ದು ಮರ ನೋಡಿ. ದಡದ ಎರಡೂ ಕಡೆ ಪ್ಲಾಟನ್ ಅಂತ ದೊಡ್ಡ ಮರಗಳು, ಹತ್ತೊಂಬತ್ತನೇ ಶತಮಾನದಲ್ಲಿ ನೆಟ್ಟಿದ್ದು, 42 ಸಾವಿರ ಇದ್ವಂತೆ. ಬೇರು ದಡ ಹಿಡಿದಿಡುತ್ತೆ, ನೆರಳಿಗೆ ನೀರು ಆರಲ್ಲ. 2006ರಲ್ಲಿ ಅವಕ್ಕೆ ಒಂದು ಬೂಷ್ಟು ರೋಗ ಬಂದಿದ್ದು ಗೊತ್ತಾಯ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಪೆಟ್ಟಿಗೆಗಳ ಹಲಗೆಯಲ್ಲಿ ಆ ದೇಶಕ್ಕೆ ಬಂದಿದ್ದು ಅಂತಾರೆ. ಮರದಿಂದ ಮರಕ್ಕೆ ಬೇರಿನಲ್ಲಿ ಹಬ್ಬುತ್ತೆ, ನೀರಲ್ಲೂ ಹೋಗುತ್ತೆ. ಔಷಧಿ ಇಲ್ಲ. ಕಡಿದು ಸುಡೋದೊಂದೇ ದಾರಿ. ಅರ್ಧಕ್ಕಿಂತ ಹೆಚ್ಚು ಹೋಗಿಬಿಟ್ಟಿವೆ. ತಂಪಿನಿಂದ ಒಮ್ಮೆಲೇ ಬಯಲಿಗೆ ಬಿದ್ರೆ ಬಿಸಿಲು ಕೆನ್ನೆಗೆ ಹೊಡೆದ ಹಾಗೆ. ಆ ಬಯಲಲ್ಲಿ ಹೊಸ ಸಸಿ ನೆಟ್ಟಿದ್ದಾರೆ, ಈ ಸಲ ಒಂದೇ ಜಾತಿ ಬೇಡ ಅಂತ ಓಕ್ ಮತ್ತೆ ಬೇರೆ ಬೇರೆ ಮರ. ಒಂದು ಸಸಿ ಹತ್ರ ಇಳಿದು ಕಾಂಡಕ್ಕೆ ಬೆರಳು ಸುತ್ತಿದೆ. ಹೆಬ್ಬೆರಳು ತೋರುಬೆರಳು ಇನ್ನೂ ಕೂಡ್ತಿದ್ವು. ಅದು ನೆರಳು ಕೊಡೋ ಹೊತ್ತಿಗೆ ಯಾರು ಹೋಗ್ತಿರ್ತಾರೋ. ಬಾಟಲಿಯಲ್ಲಿ ಉಳಿದಿದ್ದ ನೀರು ಬುಡಕ್ಕೆ ಹಾಕಿ ಬಂದೆ.

ಐದನೇ ದಿನ ಸಂಜೆ ಬೇಜ್ಯೇ ಊರು. ಮೆಟ್ಟಿಲು ಮೆಟ್ಟಿಲಾಗಿ ಸಾಲಾಗಿ ಲಾಕು, ಇಪ್ಪತ್ತು ಮೀಟರಿಗೂ ಹೆಚ್ಚು ಇಳಿಜಾರು. ಅದರ ಪಕ್ಕದಲ್ಲೇ ಇಳಿದು ಊರ ರಸ್ತೆ ಸೇರಿದ್ವಿ. ಹಿಂದೆ ಒಂದು ವ್ಯಾನು ಹಾರನ್ ಹೊಡೀತು. ಅದೇ ಕ್ಷಣ ನನ್ನ ಕಿವಿ ಹಿಂದಕ್ಕೆ ಹೋಯ್ತು, ಮೊಣಕೈ ಬಿಗಿಯಾಯ್ತು, ಹ್ಯಾಂಡಲ್ ಗಟ್ಟಿ ಹಿಡಿದೆ.

ರೈಲಿದ್ದಿದ್ದು ಮಾರನೇ ದಿನ ಹತ್ತು ಗಂಟೆಗೆ. ಮಗಳು ಮಲಗಿದ್ಲು. ಆರಕ್ಕೇ ಎದ್ದು, ಸೈಕಲ್ ತಳ್ಕೊಂಡು, ಮತ್ತೆ ಆ ಮೆಟ್ಟಿಲು ಲಾಕುಗಳ ಮೇಲಕ್ಕೆ ಹೋಗಿ, ಬಂದ ದಾರಿಯಲ್ಲೇ ಒಂದು ಗಂಟೆ ವಾಪಸ್ ಹೊಡೆದೆ ಅಕ್ಕಾ.